ದವಡೆ ಹೇಳಿದ್ದು, ಮುಖ ತಿದ್ದಿದ್ದು

ಒಂದು ಕನ್ನಡಿ ತಗೊಂಡು ಬೆಳಕಿರುವ ಕಡೆ ನಿಂತು ಬಾಯಿ ಅಗಲಿಸಿ ನೋಡಿಕೊಳ್ಳಿ ಮಕ್ಕಳೇ. ನಿಮಗೆ ಆರೇಳು ವರ್ಷವಾದಾಗ ಕೆಳದವಡೆಯ ಹಿಂಭಾಗದಲ್ಲಿ, ಯಾವ ಹಾಲುಹಲ್ಲೂ ಬೀಳದೆಯೇ, ಹೊಸದಾಗಿ ಒಂದು ದೊಡ್ಡ ಹಲ್ಲು ಹುಟ್ಟಿತ್ತು. ಈಗ ರೊಟ್ಟಿ ಅಗಿಯಲು ಹೆಚ್ಚು ಕೆಲಸಕ್ಕೆ ಬರುವುದು ಅದೇ. ಅದರ ನೆತ್ತಿಯ ಮೇಲೆ ಸಣ್ಣ ಸಣ್ಣ ದಿಬ್ಬಗಳಿವೆ. ಎಣಿಸಿ. ಕೆನ್ನೆಯ ಕಡೆ ಮೂರು, ನಾಲಿಗೆಯ ಕಡೆ ಎರಡು. ಹೆಚ್ಚಿನವರಿಗೆ ಒಟ್ಟು ಐದು ಇರುತ್ತವೆ. ದಿಬ್ಬಗಳ ನಡುವಿನ ಗೆರೆಗಳು ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಕೂಡಿಕೊಳ್ಳುತ್ತವೆ.

ಗೊರಿಲ್ಲಾ, ಚಿಂಪಾಂಜಿ, ಬೊನೊಬೊ, ಒರಾಂಗುಟಾನ್, ಗಿಬ್ಬನ್ ಇವುಗಳ ಬಾಯಲ್ಲೂ ಇದೇ ಐದು ದಿಬ್ಬ, ಇದೇ ಗೆರೆ. ಆದೋನಿಯ ರಣಮಂಡಲ ಆಂಜನೇಯನ ಬೆಟ್ಟ ಹತ್ತುವಾಗ ಕೈಲಿರುವ ಬಾಳೆಹಣ್ಣು ಕಿತ್ತುಕೊಂಡು ಓಡುವ ಕೋತಿಗೆ ಮಾತ್ರ ಹಾಗಿಲ್ಲ. ಅದರ ಅದೇ ಹಲ್ಲಿನ ಮೇಲೆ ನಾಲ್ಕೇ ದಿಬ್ಬ. ಎರಡೆರಡು ಜೋಡಿಯಾಗಿ ನಿಂತು, ಜೋಡಿಗೊಂದರಂತೆ ಅಡ್ಡಡ್ಡ ಏಣು ಕಟ್ಟಿಕೊಂಡಿರುತ್ತವೆ. ಇದನ್ನು ಪರೀಕ್ಷಿಸಲು ಕೋತಿಯ ಹತ್ತಿರ ಹೋಗಬೇಡಿ, ಕಚ್ಚುತ್ತದೆ. ವಿಜ್ಞಾನಿಗಳು ನೋಡಿದ್ದು ಸತ್ತ ಪ್ರಾಣಿಗಳ ತಲೆಬುರುಡೆಯಲ್ಲಿ.

ಬಾಲವಿರುವ ಕೋತಿ, ಮುಸುವಗಳು ಒಂದು ಬಳಗ. ಬಾಲವಿಲ್ಲದ ವಾನರಗಳು ಇನ್ನೊಂದು ಬಳಗ. ಅವುಗಳಲ್ಲಿ ಮೈ ದೊಡ್ಡದಾದ ಗೊರಿಲ್ಲಾ, ಚಿಂಪಾಂಜಿ, ಬೊನೊಬೊ, ಒರಾಂಗುಟಾನ್‌ಗಳನ್ನು ಮಹಾವಾನರಗಳು ಎನ್ನುತ್ತಾರೆ. ಮನುಷ್ಯನನ್ನೂ ವಿಜ್ಞಾನಿಗಳು ಅದೇ ಸಾಲಿನಲ್ಲಿ ಕೂಡಿಸುತ್ತಾರೆ. ಲಕ್ಷಗಟ್ಟಲೆ ವರ್ಷಗಳ ಹಿಂದೆ ಸತ್ತ ಪ್ರಾಣಿಯ ಬಾಲ ನಮಗೆ ಸಿಗುವುದು ಅಪರೂಪ, ಆದರೆ ಹಲ್ಲು ಸಿಗುತ್ತದೆ. ಹಲ್ಲಿನ ಮೇಲಿನ ಎನಾಮೆಲ್ ಮೈಯಲ್ಲೇ ಅತಿ ಗಟ್ಟಿಯಾದ ವಸ್ತು. ಎಲುಬೆಲ್ಲ ಮಣ್ಣಾದರೂ ಅದು ಉಳಿದಿರುತ್ತದೆ. ಹಾಗಾಗಿ ವಾನರಗಳ ಚರಿತ್ರೆಯನ್ನು ಬರೆಯಲು ಹೊರಟವರಿಗೆ ಮೊದಲು ಕೈಗೆ ಸಿಕ್ಕಿದ್ದು ಹಲ್ಲು ಮತ್ತು ದವಡೆ ಚೂರು. ತಲೆಬುರುಡೆ ಸಿಕ್ಕಿದ್ದು ತಡವಾಗಿ. ಆ ತಡದಿಂದ ಏನೇನಾಯಿತು ಅನ್ನುವುದೇ ಇವತ್ತಿನ ಮಾತು.

ಮೊದಲು ನಮ್ಮ ಕಡೆಯ ಸುದ್ದಿ. ಆದೋನಿ, ಕೋಸಿಗಿ, ಎಮ್ಮಿಗನೂರು, ಆಲೂರು ಸುತ್ತ ಕಾಣುವ ಗುಂಡುಕಲ್ಲಿನ ಬೆಟ್ಟಗಳಲ್ಲಿ ಇಂಥ ಬುರುಡೆ ಹುಡುಕಿದರೆ ಸಿಗುವುದಿಲ್ಲ. ಅವು ಗ್ರಾನೈಟ್ ಬೆಟ್ಟಗಳು. ಭೂಮಿಯ ಆಳದಲ್ಲಿ ಕರಗಿದ್ದ ಕಲ್ಲು ಆರಿ ಗಟ್ಟಿಯಾದದ್ದು, ಸುಮಾರು 250 ಕೋಟಿ ವರ್ಷ ಹಳೆಯದು. ಆಗ ಎಲುಬಿರುವ ಪ್ರಾಣಿಯೇ ಇರಲಿಲ್ಲ. ಇನ್ನು ಹೊಲದಲ್ಲಿ ಬಿದ್ದ ಎತ್ತಿನ ಎಲುಬು ಬಿಸಿಲು, ಮಳೆ, ಗೆದ್ದಲುಗಳ ಕೈಗೆ ಸಿಕ್ಕಿ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ.

ಆದರೆ ಆದೋನಿಯಿಂದ ಗುಂತಕಲ್ಲಿಗೆ ಹೋಗಿ, ಅಲ್ಲಿ ನಂದ್ಯಾಲದ ಗಾಡಿ ಹತ್ತಿ, ಡೋಣ್ ದಾಟಿ ಮುಂದೆ ಹೋದರೆ ಬೇತಂಚೆರ್ಲ ಸಿಗುತ್ತದೆ. ಈ ಹೆಸರು ನಿಮ್ಮ ಮನೆಯ ನೆಲ ಹಾಕಿದವರಿಗೆ ಚೆನ್ನಾಗಿ ಗೊತ್ತು. ನುಣುಪಾದ ಚಪ್ಪಡಿ ಕಲ್ಲುಗಳು ಅಲ್ಲಿಂದ ಲಾರಿಗಟ್ಟಲೆ ಬರುತ್ತವೆ. ಅದು ಸುಣ್ಣಕಲ್ಲು. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ, ಆ ಹುಳಿ ನೀರು ಸುಣ್ಣಕಲ್ಲಿನ ಬಿರುಕಿನಲ್ಲಿ ಇಳಿದು ಅದನ್ನು ನಿಧಾನವಾಗಿ ಕರಗಿಸುತ್ತದೆ. ಸಾವಿರಾರು ವರ್ಷ ಹೀಗೆ ನಡೆದಾಗ ಬಿರುಕು ಗವಿಯಾಗುತ್ತದೆ. ಗವಿಯೊಳಗೆ ಮಣ್ಣು ಸೇರುತ್ತದೆ, ಕಿರುಬ, ಮುಳ್ಳುಹಂದಿ, ಗೂಬೆಗಳು ಎಲುಬು ತಂದು ಹಾಕುತ್ತವೆ. ಮೇಲಿಂದ ತೊಟ್ಟಿಕ್ಕುವ ಸುಣ್ಣದ ನೀರು ಆ ಮಣ್ಣನ್ನೂ ಎಲುಬನ್ನೂ ಸೇರಿಸಿ ಬಿಗಿಯುತ್ತದೆ. ಒಂದು ಮಾತು ಇಲ್ಲಿ ನೆನಪಿಡಿ: ಚಪ್ಪಡಿ ಕಲ್ಲು ಹಳೆಯದು, ಕೋಟಿಗಟ್ಟಲೆ ವರ್ಷಗಳದು. ಎಲುಬು ಇರುವುದು ಕಲ್ಲಿನೊಳಗಲ್ಲ, ಗವಿಯ ಮಣ್ಣಿನಲ್ಲಿ, ಮತ್ತು ಆ ಮಣ್ಣು ತೀರ ಈಚಿನದು.

ಬೇತಂಚೆರ್ಲದ ಹತ್ತಿರದ ಆ ಗವಿಗಳಿಗೆ ಬಿಲ್ಲ ಸುರ್ಗಂ ಎಂದು ಹೆಸರು. 1844ರಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿ ಇಲ್ಲಿ ಎಲುಬುಗಳಿವೆ ಎಂದು ಬರೆದ. ನಲವತ್ತು ವರ್ಷ ಕಳೆದ ಮೇಲೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಂದ. ಬಳ್ಳಾರಿ ಜಿಲ್ಲೆಯ ಕಲ್ಲು ಮಣ್ಣನ್ನೆಲ್ಲ ನಡೆದು ನೋಡಿ ಪುಸ್ತಕ ಬರೆದವನು ಇವನೇ. ಆಗ ಆದೋನಿಯೂ ಆಲೂರೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಅವು ಕರ್ನೂಲಿಗೆ ಸೇರಿದ್ದು 1953ರಲ್ಲಿ. ಗವಿಗಳನ್ನು ಅಗೆಸುವ ಕೆಲಸವನ್ನು ಫೂಟ್‌ನ ಮಗ ಹೆನ್ರಿ ಮುಂದುವರಿಸಿದ. ಸಿಕ್ಕ ಎಲುಬುಗಳನ್ನು ರಿಚರ್ಡ್ ಲಿಡೆಕ್ಕರ್ ಎಂಬ ವಿಜ್ಞಾನಿ ಒಂದೊಂದಾಗಿ ಗುರುತಿಸಿ 1886ರಲ್ಲಿ ಪಟ್ಟಿ ಪ್ರಕಟಿಸಿದ. ಅದರಲ್ಲಿ ಹುಲಿ ಇತ್ತು, ಕಿರುಬ ಇತ್ತು, ಕರ್ನೂಲಿನ ಹೆಸರನ್ನೇ ಹೊತ್ತ ಒಂದು ಘೇಂಡಾಮೃಗ ಇತ್ತು. ನಮ್ಮ ಮುಸುವನೂ ಇತ್ತು. ಜೊತೆಗೆ ಇನ್ನೊಂದು ಕೋತಿ. ಅದನ್ನು ಆತ ಬಬೂನ್ ಎಂದು ಬರೆದ. ಈಗ ಬಬೂನ್‌ಗಳಿರುವುದು ಆಫ್ರಿಕಾದಲ್ಲಿ ಮತ್ತು ಅರೇಬಿಯಾದ ತುದಿಯಲ್ಲಿ. ಬೇತಂಚೆರ್ಲದಲ್ಲಿ ಅದಕ್ಕೇನು ಕೆಲಸ?

ಈ ಪ್ರಶ್ನೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಉಳಿಯಿತು. ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೊರಿಶೆಟ್ಟರ್ ಮತ್ತು ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಸೇರಿ ಬಿಲ್ಲ ಸುರ್ಗಂನಲ್ಲಿ ಮತ್ತೆ ಅಗೆದರು. ಈ ಸಲ ಯಾವ ಎಲುಬು ಯಾವ ಪದರದಲ್ಲಿತ್ತು, ಆ ಪದರಕ್ಕೆ ಎಷ್ಟು ವಯಸ್ಸು ಅನ್ನುವುದನ್ನೂ ಲೆಕ್ಕ ಹಾಕಿದರು. 2014ರಲ್ಲಿ ಪ್ರಕಟವಾದ ಅವರ ಬರಹದ ಪ್ರಕಾರ ಕಳೆದ 2 ಲಕ್ಷ ವರ್ಷಗಳಲ್ಲಿ ಅಲ್ಲಿ ಓಡಾಡಿದ 21 ಬಗೆಯ ಸ್ತನಿಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಇವತ್ತಿಗೂ ಭಾರತ ಉಪಖಂಡದಲ್ಲಿ ಎಲ್ಲಾದರೂ ಬದುಕಿವೆ. ಇಲ್ಲವಾದ ಆ ಒಂದೇ ಒಂದು ಪ್ರಾಣಿ ಕೋತಿ! ಇಥಿಯೋಪಿಯಾದ ಎತ್ತರದ ಬೆಟ್ಟಗಳಲ್ಲಿ ಹುಲ್ಲು ಮೇಯುವ ಗೆಲಾಡಾ ಎಂಬ ಕೋತಿಯ ಬಳಗದ್ದು ಇರಬೇಕು ಎಂದು ಅವರು ಬರೆದಿದ್ದಾರೆ. ಹುಲ್ಲು ಮೇಯುವ ಕೋತಿ ನಮ್ಮ ಕರ್ನೂಲು ಸೀಮೆಯಲ್ಲಿ ಇದ್ದಿರಬಹುದು ಅನ್ನುವುದು ನನಗಂತೂ ಎಷ್ಟು ಸಲ ನೆನೆದರೂ ಸಂತೋಷ ಕೊಡುವ ಸಂಗತಿ.

ಮಹಾವಾನರ ಮಾತ್ರ ಆ ಗವಿಗಳಲ್ಲಿ ಸಿಕ್ಕಿಲ್ಲ. ಗವಿಯ ಮಣ್ಣು ಕೆಲವು ಲಕ್ಷ ವರ್ಷಗಳದು. ಭಾರತ ಉಪಖಂಡದ ಮಹಾವಾನರಗಳ ಕಾಲ ಅದಕ್ಕಿಂತ ತುಂಬ ಹಿಂದಿನದು, ಮತ್ತು ಅದರ ಗುರುತು ಉಳಿದಿರುವುದು ಹಿಮಾಲಯದ ಬುಡದಲ್ಲಿ. ಹಿಮಾಲಯ ಏಳುತ್ತಿದ್ದಾಗ ನದಿಗಳು ಕೊಚ್ಚಿ ತಂದ ಮಣ್ಣು ಮರಳು ಪದರ ಪದರವಾಗಿ ಬಿದ್ದು ಶಿವಾಲಿಕ್ ಬೆಟ್ಟಗಳಾದವು. ಸುಮಾರು 1 ಕೋಟಿ 30 ಲಕ್ಷ ವರ್ಷದಿಂದ 85 ಲಕ್ಷ ವರ್ಷದ ಹಿಂದಿನವರೆಗೆ ಅಲ್ಲಿನ ಕಾಡುಗಳಲ್ಲಿ ವಾನರಗಳಿದ್ದವು. 1910ರಲ್ಲಿ ಗೈ ಪಿಲ್‌ಗ್ರಿಮ್ ಎಂಬ ಭೂವಿಜ್ಞಾನಿ ಅವುಗಳಲ್ಲಿ ಒಂದಕ್ಕೆ ಶಿವಪಿಥೆಕಸ್ ಎಂದು ಹೆಸರಿಟ್ಟ.

1932ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ ಬಂದಿದ್ದ ಎಡ್ವರ್ಡ್ ಲೂಯಿಸ್ ಎಂಬ ತರುಣನಿಗೆ ಈಗಿನ ಹಿಮಾಚಲ ಪ್ರದೇಶದ ಹರಿತಲ್ಯಾಂಗರ್ ಎಂಬ ಊರ ಬಳಿ ಮೇಲ್ದವಡೆಯ ಒಂದು ಚೂರು ಸಿಕ್ಕಿತು. ಅಂಗೈಯಲ್ಲಿ ಹಿಡಿಯುವಷ್ಟು. ಒಂದೇ ಪಕ್ಕದ ಕೆಲವು ಹಲ್ಲು, ಅಷ್ಟೇ. ಅದಕ್ಕೆ ರಾಮಪಿಥೆಕಸ್ ಎಂದು ಹೆಸರಿಟ್ಟ. ಹಲ್ಲುಗಳ ಮೇಲಿನ ಎನಾಮೆಲ್ ದಪ್ಪಗಿತ್ತು, ಮನುಷ್ಯನದ್ದರಂತೆ. ಕೋರೆಹಲ್ಲು ಕೂತಿದ್ದ ಕುಳಿ ನೋಡಿದರೆ ಕೋರೆ ಸಣ್ಣದಿರಬೇಕು ಅನ್ನಿಸುತ್ತಿತ್ತು, ಅದೂ ಮನುಷ್ಯನದ್ದರಂತೆ. 1960ರ ದಶಕದಲ್ಲಿ ಎಲ್ವಿನ್ ಸೈಮನ್ಸ್ ಮತ್ತು ಡೇವಿಡ್ ಪಿಲ್ಬೀಮ್ ಎಂಬ ಇಬ್ಬರು ದೊಡ್ಡ ವಿಜ್ಞಾನಿಗಳು, ಮನುಷ್ಯನ ವಂಶದ ಮೊದಲ ಹೆಜ್ಜೆ ಇದೇ ಎಂದು ವಾದಿಸಿದರು. ಬಹಳ ಪಠ್ಯಪುಸ್ತಕಗಳಲ್ಲಿ ಹಾಗೇ ಅಚ್ಚಾಯಿತು. ನಿಮ್ಮ ಅಜ್ಜ ಕಾಲೇಜು ಓದಿದ್ದರೆ ಕೇಳಿ ನೋಡಿ, ರಾಮಪಿಥೆಕಸ್ ಹೆಸರು ಅವರಿಗೆ ಗೊತ್ತಿದ್ದರೂ ಗೊತ್ತಿರಬಹುದು.

ಈಗ ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಒಳಮೈಗೆ ಒತ್ತಿ, ಒಂದು ತುದಿಯ ದವಡೆಹಲ್ಲಿನಿಂದ ಇನ್ನೊಂದು ತುದಿಯವರೆಗೆ ಸವರಿಕೊಂಡು ಹೋಗಿ. ಹಲ್ಲಿನ ಸಾಲು ಮುಂದೆ ಬಾಗಿ, ಹಿಂದೆ ಹೋಗುತ್ತಾ ಅಗಲವಾಗುತ್ತದೆ, ಕಮಾನಿನಂತೆ. ಚಿಂಪಾಂಜಿಯಲ್ಲಿ ಎರಡು ಪಕ್ಕದ ಸಾಲುಗಳು ಹೆಚ್ಚುಕಡಿಮೆ ನೇರವಾಗಿ, ಒಂದಕ್ಕೊಂದು ಸಮನಾಗಿ ಹೋಗುತ್ತವೆ. ರಾಮಪಿಥೆಕಸ್‌ನದು ಮನುಷ್ಯನ ಕಮಾನು ಎಂದು ಚಿತ್ರ ಬರೆದಿದ್ದರು. ಆದರೆ ಕೈಯಲ್ಲಿದ್ದದ್ದು ಒಂದೇ ಪಕ್ಕದ ಚೂರು! ಎಡ ಬಲಗಳು ಕೂಡುವ ಅಂಗುಳದ ನಡುಗೆರೆಯೇ ಅದರಲ್ಲಿ ಇರಲಿಲ್ಲ. ನಡುಗೆರೆ ಗೊತ್ತಿಲ್ಲದಿದ್ದರೆ ಆ ಚೂರನ್ನು ತುಸು ಓರೆಯಾಗಿ ಇಟ್ಟರೆ ಕಮಾನು, ನೇರವಾಗಿ ಇಟ್ಟರೆ ಚಿಂಪಾಂಜಿಯ ಸಾಲು. ಯಾವ ಕೋನದಲ್ಲಿ ಇಡಬೇಕೆಂಬುದನ್ನು ಎಲುಬು ಹೇಳಿರಲಿಲ್ಲ, ಇಟ್ಟವರು ಹೇಳಿದ್ದರು.

ಅದೇ ಹೊತ್ತಿಗೆ ಇನ್ನೊಂದು ದಿಕ್ಕಿನಿಂದ ಪ್ರಶ್ನೆ ಬಂತು. 1967ರಲ್ಲಿ ವಿನ್ಸೆಂಟ್ ಸಾರಿಚ್ ಮತ್ತು ಅಲನ್ ವಿಲ್ಸನ್ ಎಂಬುವರು ಎಲುಬು ಬಿಟ್ಟು ರಕ್ತವನ್ನು ನೋಡಿದರು. ಮನುಷ್ಯ ಮತ್ತು ಚಿಂಪಾಂಜಿಯ ರಕ್ತದಲ್ಲಿರುವ ಒಂದು ಪ್ರೋಟೀನಿನಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ಅಳೆದು, ಇವೆರಡರ ದಾರಿ ಬೇರೆಯಾಗಿ ಸುಮಾರು 50 ಲಕ್ಷ ವರ್ಷವಷ್ಟೇ ಆಗಿದೆ ಎಂದರು. ರಾಮಪಿಥೆಕಸ್ ಅದಕ್ಕಿಂತ ಎಷ್ಟೋ ಹಳೆಯದು. ದಾರಿಯೇ ಕವಲೊಡೆಯುವ ಮೊದಲು ಮನುಷ್ಯನ ಕವಲಿನಲ್ಲಿ ಒಬ್ಬ ಇರಲು ಹೇಗೆ ಸಾಧ್ಯ? ಎಲುಬಿನವರು ರಕ್ತದವರ ಮಾತನ್ನು ಒಪ್ಪಲಿಲ್ಲ. ಜಗಳ ಹತ್ತು ವರ್ಷ ದಾಟಿತು.

ಜಗಳ ಬಿಡಿಸಿದ್ದು ಒಂದು ಮುಖ. ಈಗಿನ ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ ಪಿಲ್ಬೀಮ್ ಅವರ ತಂಡಕ್ಕೇ ಶಿವಪಿಥೆಕಸ್‌ನ ಮುಖದ ಎಡಭಾಗ ಮತ್ತು ಕೆಳದವಡೆ ಸಿಕ್ಕವು. ಅದರ ಪಟ್ಟಿ ಸಂಖ್ಯೆ ಜಿಎಸ್‌ಪಿ 15000. 1982ರಲ್ಲಿ ಅದರ ವಿವರ ಪ್ರಕಟವಾಯಿತು.

ಮನೆಗೆ ಹೊಸ ಕೂಸು ಬಂದಾಗ ನೆಂಟರೆಲ್ಲ ಕೂತು ಮೂಗು ಯಾರದು, ಹಣೆ ಯಾರದು ಎಂದು ಹೇಳುತ್ತಾರಲ್ಲ, ಮುಖ ಸಿಕ್ಕಿದ ಮೇಲೆ ವಿಜ್ಞಾನಿಗಳೂ ಅದೇ ಕೆಲಸಕ್ಕೆ ಕೂತರು. ಆದರೆ ಅಳತೆಪಟ್ಟಿ ಹಿಡಿದು. ನೀವೂ ನಿಮ್ಮ ಮುಖ ಮುಟ್ಟಿಕೊಳ್ಳುತ್ತಾ ಬನ್ನಿ. ಎರಡು ಕಣ್ಣುಗಳ ನಡುವೆ ಮೂಗು ಶುರುವಾಗುವ ಕಡೆ ಬೆರಳಿಡಿ. ಗೊರಿಲ್ಲಾ, ಚಿಂಪಾಂಜಿಗಳಲ್ಲಿ ಈ ಜಾಗ ಅಗಲ. ಒರಾಂಗುಟಾನ್‌ನಲ್ಲಿ ತುಂಬ ಇಕ್ಕಟ್ಟು, ಎರಡು ಕಣ್ಣುಗೂಡುಗಳೂ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಪೊಟ್ವಾರ್‌ನ ಮುಖದಲ್ಲೂ ಇಕ್ಕಟ್ಟು. ಹುಬ್ಬಿನ ಮೇಲೆ ಬೆರಳಾಡಿಸಿ. ಚಿಂಪಾಂಜಿಗೆ ಅಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಪ್ಪನೆ ಎಲುಬಿನ ದಂಡೆ ಇರುತ್ತದೆ. ಒರಾಂಗುಟಾನ್‌ಗೆ ಅಂಥದ್ದಿಲ್ಲ. ಪೊಟ್ವಾರ್‌ನದಕ್ಕೂ ಇಲ್ಲ. ಕಣ್ಣುಗೂಡು ಅಗಲಕ್ಕಿಂತ ಎತ್ತರ ಹೆಚ್ಚು, ಒರಾಂಗುಟಾನ್‌ನಂತೆ. ಪಕ್ಕದಿಂದ ನೋಡಿದರೆ ಮುಖದ ನಡುಭಾಗ ಒಳಕ್ಕೆ ತಗ್ಗಿದೆ, ಬಾಯಿ ಮುಂದಕ್ಕೆ ಚಾಚಿದೆ. ಅದೂ ಹಾಗೆಯೇ.

ಹಣೆಯ ಒಳಗಿನ ಮಾತು ಇನ್ನೂ ಸೊಗಸು. ದೊಡ್ಡವರಿಗೆ ನೆಗಡಿ ಕಟ್ಟಿದಾಗ ಹಣೆ ಭಾರ ಎನ್ನುತ್ತಾರಲ್ಲ, ಅದಕ್ಕೆ ಕಾರಣ ಹುಬ್ಬಿನ ಮೇಲ್ಗಡೆ ಎಲುಬಿನೊಳಗೆ ಇರುವ ಗಾಳಿಗೂಡು. ನಿಮ್ಮ ವಯಸ್ಸಿನಲ್ಲಿ ಅದು ಇನ್ನೂ ಬೆಳೆಯುತ್ತಿರುತ್ತದೆ. ಗೊರಿಲ್ಲಾ, ಚಿಂಪಾಂಜಿ, ಮನುಷ್ಯ, ಈ ಮೂವರಿಗೂ ಅದು ಇದೆ. ಒರಾಂಗುಟಾನ್‌ಗೆ ಇಲ್ಲ. ಶಿವಪಿಥೆಕಸ್‌ಗೂ ಇಲ್ಲ. ಮೂಗಿನ ಒಳನೆಲವನ್ನೂ ನೋಡಿದರು. ಚಿಂಪಾಂಜಿಯಲ್ಲಿ ಮೂಗಿನ ನೆಲ ಮುಂದಿನಿಂದ ಹಿಂದಕ್ಕೆ ಹೋಗುವಾಗ ಒಂದು ಮೆಟ್ಟಿಲು ಇಳಿಯುತ್ತದೆ. ಒರಾಂಗುಟಾನ್‌ನಲ್ಲಿ ಮೆಟ್ಟಿಲಿಲ್ಲದೆ ನುಣ್ಣಗೆ ಸಾಗುತ್ತದೆ, ನಡುವೆ ಸೂಜಿ ತೂರುವಷ್ಟು ಸಣ್ಣ ರಂಧ್ರ ಮಾತ್ರ. ಶಿವಪಿಥೆಕಸ್‌ನ ನೆಲವೂ ನುಣ್ಣಗಿತ್ತು. ನನಗೆ ಕೇಳಿದರೆ ಇದೇ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ. ಹಲ್ಲಿನ ಎನಾಮೆಲ್ ದಪ್ಪವಾಗಲು ಗಟ್ಟಿ ಕಾಯಿ ತಿನ್ನುವ ಅಭ್ಯಾಸ ಸಾಕು, ನಂಟಸ್ತಿಕೆ ಇಲ್ಲದ ಎರಡು ಪ್ರಾಣಿಗಳಲ್ಲೂ ಹಾಗಾಗಬಹುದು. ಮೂಗಿನ ನೆಲದಲ್ಲಿ ಮೆಟ್ಟಿಲಿಲ್ಲದಿರುವುದಕ್ಕೆ ಊಟದ ಅಭ್ಯಾಸ ಸುಲಭದ ಕಾರಣವಾಗುವುದಿಲ್ಲ.

ಹೀಗೆ ಲೆಕ್ಕ ತಲೆಕೆಳಗಾಯಿತು. ಶಿವಪಿಥೆಕಸ್ ಒರಾಂಗುಟಾನ್‌ನ ಕಡೆಯವನು. ರಾಮಪಿಥೆಕಸ್ ಬೇರೆ ಪ್ರಾಣಿಯೇ ಅಲ್ಲ, ಅದೂ ಶಿವಪಿಥೆಕಸ್, ಬಹುಶಃ ಮೈ ಸಣ್ಣದಾದ ಹೆಣ್ಣು. ಮನುಷ್ಯನ ಮೊದಲ ಹೆಜ್ಜೆ ಶಿವಾಲಿಕ್ ಬೆಟ್ಟದಲ್ಲಿ ಇರಲಿಲ್ಲ, ಆಫ್ರಿಕಾದಲ್ಲಿ ಹುಡುಕಬೇಕು. ಹಿಂದೆ ರಾಮಪಿಥೆಕಸ್ ಪರವಾಗಿ ಬರೆದಿದ್ದ ಪಿಲ್ಬೀಮ್ ಅವರೇ, ತಮ್ಮ ತಂಡ ತಂದ ಮುಖ ನೋಡಿ, ತಮ್ಮ ಹಳೆಯ ಮಾತನ್ನು ಬಿಟ್ಟರು. ಲೋಕವೆಲ್ಲ ಓದಿದ ಮಾತನ್ನು ಲೋಕದೆದುರೇ ಹಿಂತೆಗೆದುಕೊಳ್ಳಲು ಧೈರ್ಯ ಬೇಕು, ಅವರನ್ನು ನಾನು ಬಹಳ ಗೌರವಿಸುತ್ತೇನೆ.

ಕತೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು, ಮುಗಿಯಲಿಲ್ಲ. 1990ರಲ್ಲಿ ಅದೇ ತಂಡ ಶಿವಪಿಥೆಕಸ್‌ನ ತೋಳಿನ ಮೂಳೆಗಳನ್ನು ವಿವರಿಸಿತು. ಒರಾಂಗುಟಾನ್ ಕೊಂಬೆಗೆ ಕೈಯಿಂದ ಜೋತು ಬೀಳುವ ಪ್ರಾಣಿ, ಅದರ ತೋಳಿನ ಮೂಳೆ ನೇರ. ಶಿವಪಿಥೆಕಸ್‌ನದು ಬಾಗಿತ್ತು, ಕೊಂಬೆಯ ಮೇಲೆ ನಾಲ್ಕು ಕಾಲೂರಿ ನಡೆಯುವ ಕೋತಿಗಳದ್ದರಂತೆ. ಮುಖ ಒಂದೇ ಮನೆಯದು ಅನ್ನುತ್ತದೆ, ತೋಳು ಅಲ್ಲ ಅನ್ನುತ್ತದೆ. ಹೆಚ್ಚಿನ ವಿಜ್ಞಾನಿಗಳು ಇಂದಿಗೂ ಮುಖದ ಮಾತನ್ನೇ ನಂಬಿ ಅದನ್ನು ಒರಾಂಗುಟಾನ್ ಕವಲಿನಲ್ಲಿ ಇಡುತ್ತಾರೆ. ಹಾಗಾದರೆ ಜೋತು ಬೀಳುವ ವಿದ್ಯೆಯನ್ನು ಒರಾಂಗುಟಾನ್ ಮತ್ತು ಆಫ್ರಿಕಾದ ವಾನರಗಳು ಬೇರೆ ಬೇರೆಯಾಗಿ, ತಮ್ಮ ತಮ್ಮ ಕಾಡಿನಲ್ಲಿ ಕಲಿತವು ಎನ್ನಬೇಕಾಗುತ್ತದೆ. ಈ ಚರ್ಚೆ ಇನ್ನೂ ತೆರೆದೇ ಇದೆ.

ಮುಖವೇ ಸಿಗದ ವಾನರವೂ ಉಂಟು. ಚೀನಾದ ಗವಿಗಳಲ್ಲಿ ಜೈಗ್ಯಾಂಟೊಪಿಥೆಕಸ್ ಎಂಬ ಭಾರೀ ವಾನರದ ಸಾವಿರಾರು ಹಲ್ಲುಗಳೂ ನಾಲ್ಕು ಕೆಳದವಡೆಗಳೂ ಸಿಕ್ಕಿವೆ, ತಲೆಬುರುಡೆ ಒಂದೂ ಇಲ್ಲ. ಇದು 1935ರಲ್ಲಿ ಮೊದಲು ಗೊತ್ತಾದದ್ದು ಹಾಂಗ್‌ಕಾಂಗ್‌ನ ನಾಟಿ ಔಷಧದ ಅಂಗಡಿಯಲ್ಲಿ ಮಾರಾಟಕ್ಕಿದ್ದ ಒಂದು ದವಡೆಹಲ್ಲಿನಿಂದ. 2019ರಲ್ಲಿ ಸುಮಾರು 19 ಲಕ್ಷ ವರ್ಷ ಹಳೆಯ ಹಲ್ಲಿನ ಎನಾಮೆಲ್‌ನೊಳಗೆ ಉಳಿದಿದ್ದ ಪ್ರೋಟೀನನ್ನು ಹೊರತೆಗೆದು ಓದಿದಾಗ, ಇದೂ ಒರಾಂಗುಟಾನ್‌ನ ನಂಟ ಎಂದು ತಿಳಿಯಿತು. ಶಿವಪಿಥೆಕಸ್‌ನ ಹಲ್ಲು ಅದಕ್ಕಿಂತ ಎಷ್ಟೋ ಪಟ್ಟು ಹಳೆಯದು. ಅದರ ವಿಷಯದಲ್ಲಿ ಈಗಲೂ ನಂಬಬೇಕಾದದ್ದು ಎಲುಬಿನ ಆಕಾರವನ್ನೇ.

ಆಫ್ರಿಕಾದ ಒಂದು ಕೂಸಿನ ಸುದ್ದಿ ಹೇಳದೆ ಇರಲಾರೆ. 2014ರಲ್ಲಿ ಕೆನ್ಯಾದ ತುರ್ಕಾನಾ ಸರೋವರದ ಪಡುವಣ ದಿಕ್ಕಿನಲ್ಲಿ ಜಾನ್ ಎಕುಸಿ ಎಂಬ ಕೆನ್ಯಾದ ಶೋಧಕನಿಗೆ ನಿಂಬೆಹಣ್ಣಿನ ಗಾತ್ರದ ತಲೆಬುರುಡೆ ಸಿಕ್ಕಿತು. 1 ಕೋಟಿ 30 ಲಕ್ಷ ವರ್ಷ ಹಳೆಯದು, ಹೆಚ್ಚುಕಡಿಮೆ ಪೂರ್ತಿಯಾಗಿದೆ. ಒಡೆಯದೆ ಒಳಗೆ ನೋಡಲು ಫ್ರಾನ್ಸಿನ ಗ್ರೆನೋಬಲ್‌ನ ದೊಡ್ಡ ಎಕ್ಸ್-ರೇ ಯಂತ್ರಕ್ಕೆ ಕೊಂಡೊಯ್ದರು. ದವಡೆಯೊಳಗೆ ಇನ್ನೂ ಹೊರಬರದ ಹಲ್ಲುಗಳು ಸಾಲಾಗಿ ಕೂತಿದ್ದವು. ಹಲ್ಲು ಬೆಳೆಯುವಾಗ ದಿನದಿನಕ್ಕೂ ಎನಾಮೆಲ್‌ನಲ್ಲಿ ಸಣ್ಣ ಗೆರೆ ಬೀಳುತ್ತದೆ. ಆ ಗೆರೆಗಳ ಲೆಕ್ಕದಿಂದ ಕೂಸಿಗೆ ಸತ್ತಾಗ ಸುಮಾರು ಒಂದು ವರ್ಷ ನಾಲ್ಕು ತಿಂಗಳು ಎಂದು ಗೊತ್ತಾಯಿತು. ಮೂತಿ ಪುಟ್ಟದು, ನೋಡಿದರೆ ಗಿಬ್ಬನ್ ಮರಿ ಎನ್ನಬೇಕು. ಆದರೆ ಕಿವಿಯ ಒಳಗೆ ಮೈಯ ಸಮತೋಲ ಕಾಯುವ ಮೂರು ಕೊಳವೆಗಳಿರುತ್ತವೆ, ಗಿರಗಿರ ತಿರುಗಿ ನಿಂತಾಗ ನಿಮಗೆ ತಲೆಸುತ್ತು ಬರುವುದು ಅವುಗಳಿಂದಲೇ. ಈ ಕೂಸಿನ ಕೊಳವೆಗಳು ಗಿಬ್ಬನ್‌ನಂತೆ ಚುರುಕಾಗಿ ಹಾರಾಡುವ ಪ್ರಾಣಿಯವಲ್ಲ. ಇಂದಿನ ವಾನರಗಳು, ಮನುಷ್ಯ, ಎಲ್ಲರ ಪೂರ್ವಜರಿಗೆ ಹತ್ತಿರದ ಬಳಗದ್ದು ಎಂದು ತೀರ್ಮಾನಿಸಿ 2017ರಲ್ಲಿ ಅದಕ್ಕೆ ನ್ಯಾಂಜಪಿಥೆಕಸ್ ಅಲೇಸಿ ಎಂದು ಹೆಸರಿಟ್ಟರು.

ಇತ್ತ ಶಿವಾಲಿಕ್‌ನ ವಾನರಗಳು ಸುಮಾರು 85 ಲಕ್ಷ ವರ್ಷದ ಹಿಂದೆ ಇಲ್ಲವಾದವು. ಅಲ್ಲಿನ ಹಳೆಯ ಮಣ್ಣಿನ ಪದರಗಳಲ್ಲಿರುವ ಇಂಗಾಲವನ್ನು ಪರೀಕ್ಷಿಸಿದರೆ, ಆ ಹೊತ್ತಿನ ಆಸುಪಾಸಿನಲ್ಲಿ ಕಾಡು ಸರಿದು ಹುಲ್ಲುಗಾವಲು ಹಬ್ಬತೊಡಗಿದ್ದು ಕಾಣುತ್ತದೆ. ಹಣ್ಣು ತಿನ್ನುವ ವಾನರಕ್ಕೆ ಹುಲ್ಲಿನಲ್ಲಿ ಏನೂ ಇಲ್ಲ.

ಕರ್ನೂಲಿನ ಗವಿಗಳಿಗೂ ಈ ವಾನರಗಳ ಹುಡುಕಾಟಕ್ಕೂ ಇಂದು ಒಂದು ನಂಟಿದೆ. ಮುಚ್ಚಟ್ಲ ಚಿಂತಮಾನು ಗವಿ ಎಂಬ ಇಲ್ಲಿನ ಇನ್ನೊಂದು ಗವಿಯ ಎಲುಬುಗಳ ಬಗ್ಗೆ 2008ರಲ್ಲಿ ಬರೆದವರಲ್ಲಿ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ರಾಜೀವ್ ಪಟ್ನಾಯಕ್ ಒಬ್ಬರು. ಅವರೂ ಕ್ರಿಸ್ಟೋಫರ್ ಗಿಲ್ಬರ್ಟ್ ಎಂಬ ಅಮೆರಿಕದ ವಿಜ್ಞಾನಿಯೂ ಇದ್ದ ತಂಡಕ್ಕೆ 2015ರಲ್ಲಿ ಜಮ್ಮುವಿನ ರಾಮನಗರದಲ್ಲಿ, ಬೆಂಗಳೂರಿನ ಪಕ್ಕದ ರಾಮನಗರವಲ್ಲ, ನೆಲದಲ್ಲಿ ಏನೋ ಹೊಳೆದದ್ದು ಕಂಡಿತು. ಅಗೆದು ತೆಗೆದರೆ ಕೆಳದವಡೆಯ ಒಂದು ಪುಟ್ಟ ಹಲ್ಲು. ಹಲ್ಲೊಂದನ್ನೇ ನಂಬಿ ಆತುರಪಡಬಾರದೆಂಬುದು ಅವರಿಗೆ ಗೊತ್ತಿತ್ತು. ಇಂದು ಬದುಕಿರುವ ಮತ್ತು ಅಳಿದುಹೋದ ವಾನರಗಳ ಹಲ್ಲುಗಳ ಜೊತೆ ಹೋಲಿಸಿ, ಒಳಭಾಗವನ್ನು ಸ್ಕ್ಯಾನ್ ಮಾಡಿ, ಐದು ವರ್ಷ ಕಳೆದ ಮೇಲೆ 2020ರಲ್ಲಿ ಹೇಳಿದರು: ಇದು ಸುಮಾರು 1 ಕೋಟಿ 30 ಲಕ್ಷ ವರ್ಷದ ಹಿಂದಿನ ಗಿಬ್ಬನ್ ಬಳಗದ ವಾನರ, ಇಲ್ಲಿಯವರೆಗೆ ಗೊತ್ತಿರುವ ಗಿಬ್ಬನ್‌ಗಳಲ್ಲಿ ಅತಿ ಹಳೆಯದು. ಹೆಸರು ಕಪಿ ರಾಮನಗರೆನ್ಸಿಸ್. ಆ ಹೆಸರಿಗೆ ಆಧಾರ ಆ ಒಂದೇ ಹಲ್ಲು. ಅದರ ಮುಖ ಹೇಗಿತ್ತು, ಕಣ್ಣುಗಳ ನಡುವೆ ಎಷ್ಟು ಜಾಗವಿತ್ತು, ಮೂಗಿನ ನೆಲ ಮೆಟ್ಟಿಲಿಳಿಯುತ್ತಿತ್ತೋ ಇಲ್ಲವೋ ಅನ್ನುವುದನ್ನು ತಿಳಿಯಲು ರಾಮನಗರದ ಮಣ್ಣಿನಿಂದ ಒಂದು ತಲೆಬುರುಡೆ ಹೊರಬರಬೇಕು.